ಕಿಟಕಿಯಿಂದ ಇಳಿದ ಕ್ಯಾಮೆರಾ

ಕುಲಗೋಡದ ಬಸ್ ನಿಲ್ದಾಣದ ಬದಿಯಲ್ಲಿ ಮುತ್ತಪ್ಪನ ರಿಪೇರಿ ಅಂಗಡಿ. ಟಿವಿ, ಮಿಕ್ಸರ್, ಇನ್ವರ್ಟರ್ ಏನೇ ಕೆಟ್ಟರೂ ಜನ ಅಲ್ಲಿಗೇ ತರುತ್ತಾರೆ. ಈಚೆಗೆ ಮನೆಮನೆಗೂ ಸಿಸಿ ಕ್ಯಾಮೆರಾ ಕೂರಿಸುವ ಹುಚ್ಚು ಹತ್ತಿದ ಮೇಲೆ ಅವನಿಗೆ ಕೈತುಂಬ ಕೆಲಸ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಮುತ್ತಪ್ಪನ ಎರಡೂ ಕಾಲು ಹೋಗಿವೆ. ಹಾಗಾಗಿ ಏಣಿ ಹತ್ತುವುದು ಅವನ ಹೆಂಡತಿ ಕಸ್ತೂರಿಯ ಕೆಲಸ. ಅವಳು ಮೇಲೆ ನಿಂತು ಕ್ಯಾಮೆರಾ ತಿರುಗಿಸುತ್ತಾಳೆ, ಇವನು ಕೆಳಗೆ ಕೂತು ಪರದೆ ನೋಡುತ್ತ "ಇನ್ನೊಂಚೂರ ಎಡಕ್ಕ" ಅನ್ನುತ್ತಾನೆ. ಹದಿನೆಂಟು ವರ್ಷದ ಸಂಸಾರವನ್ನೂ ಅವರು ಹೆಚ್ಚುಕಡಿಮೆ ಹೀಗೆಯೇ ನಡೆಸಿಕೊಂಡು ಬಂದಿದ್ದರು.

ಜನವರಿಯಲ್ಲಿ ಮುತ್ತಪ್ಪನ ಮೊಬೈಲಿಗೆ ಒಂದು ಸಂದೇಶ ಬಂತು. ಅಂಗವಿಕಲರ ಗುರುತಿನ ಚೀಟಿಗಳನ್ನೆಲ್ಲ ಹೊಸದಾಗಿ ಮಾಡಿಸಬೇಕು. ಹಳೆಯ ಫೋಟೊ ನಡೆಯುವುದಿಲ್ಲ. ಅರ್ಜಿದಾರರು ಖುದ್ದಾಗಿ ಬಂದು ಕಚೇರಿಯ ಕ್ಯಾಮೆರಾದ ಮುಂದೆ ಕೂರಬೇಕು. ಬಸ್ ಪಾಸು, ಮೂರು ಗಾಲಿಯ ಸ್ಕೂಟರಿನ ಪರವಾನಗಿ ಎಲ್ಲವೂ ಆ ಚೀಟಿಯ ಮೇಲೆಯೇ ನಿಂತಿದ್ದವು. ಸೋಮವಾರ ಬೆಳಿಗ್ಗೆ ಮುತ್ತಪ್ಪ ಸ್ಕೂಟರು ಹತ್ತಿ ಗೋಕಾಕಕ್ಕೆ ಹೊರಟ.

ಗೋಕಾಕದಲ್ಲಿದ್ದ ಆ ಕಚೇರಿಗೆ ಬಹಳ ಉದ್ದದ ಹೆಸರು. ಬೋರ್ಡಿನಲ್ಲಿ ಹಿಡಿಸದೆ ಕೊನೆಯ ಎರಡು ಪದಗಳನ್ನು ಗೋಡೆಯ ಮೇಲೆಯೇ ಬರೆಸಿದ್ದರು. ಜನ ಸುಮ್ಮನೆ ಚೀಟಿ ಕಚೇರಿ ಎನ್ನುತ್ತಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳ ಅಂಗವಿಕಲರಿಗೆ ಅದೊಂದೇ ಕಚೇರಿ. ಅದು ಇದ್ದದ್ದು ಒಂದು ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿ. ರಸ್ತೆಯಿಂದ ಅಲ್ಲಿಗೆ ಇಪ್ಪತ್ತೆರಡು ಮೆಟ್ಟಿಲು.

ಮುತ್ತಪ್ಪ ಬಂದಾಗ ಕೆಳಗಿನ ಕಟ್ಟೆಯ ಮೇಲೆ ಆಗಲೇ ಏಳೆಂಟು ಮಂದಿ ಕೂತಿದ್ದರು. ಎಲ್ಲರ ಮುಂದೆ ಹತ್ತರಗಿಯ ಯಮನವ್ವ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎಲೆ ಅಡಿಕೆ ಹಾಕುತ್ತಿದ್ದಳು. ಕಬ್ಬಿನ ಗಾಡಿ ಹಾಯ್ದು ಆಕೆಯ ಒಂದು ಕಾಲು ಮೊಣಕಾಲಿನವರೆಗೆ ಹೋಗಿ ಬಹಳ ವರ್ಷವಾಗಿತ್ತು.

ಜವಾನ ಶಿದ್ರಾಮ ಮೇಲಿನಿಂದ ಇಳಿದು ಬಂದ.

"ಎಲ್ಲಾರೂ ಒಬ್ಬೊಬ್ಬರ ಮ್ಯಾಲ ಬರ್ರಿ. ಫೋಟೊ ಚಾಲೂ ಆಗೇತಿ."

"ಹೆಂಗ ಬರೂದ್ರಿ?" ಎಂದ ಮುತ್ತಪ್ಪ.

"ಮೆಟ್ಟಲಾ ಅದಾವಲ್ರಿ."

ಮುತ್ತಪ್ಪ ತನ್ನ ಕಾಲುಗಳನ್ನು ನೋಡಿಕೊಂಡ. ಶಿದ್ರಾಮನೂ ನೋಡಿದ. ತಾನು ಏನು ಹೇಳಿದೆ ಎಂಬುದು ಆಗ ಅವನಿಗೆ ಹೊಳೆಯಿತು. ಸಂಕೋಚದಿಂದ, "ಗೊಬ್ಬರ ಅಂಗಡಿ ಹಮಾಲರನ್ನ ಕರೀತೇನಿ ತಡೀರಿ, ಎತ್ಕೊಂಡ ಹೋಗ್ತಾರ," ಎಂದ.

"ಬ್ಯಾಡ," ಎಂದ ಮುತ್ತಪ್ಪ. ನಾಲ್ಕು ವರ್ಷದ ಹಿಂದೆ ಬೇರೊಂದು ಕಚೇರಿಯಲ್ಲಿ ಹೀಗೆಯೇ ಇಬ್ಬರು ಅವನನ್ನು ಎತ್ತಿಕೊಂಡು ಹೋಗಿದ್ದರು. ಅರ್ಧದಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಕೈ ಸೋತು, ನಡುವೆ ಜನ ಚಪ್ಪಲಿ ಬಿಡುವ ಜಾಗದಲ್ಲಿ ಇಳಿಸಿ, ಚಹಾ ಕುಡಿದು ಬರುತ್ತೇವೆಂದು ಹೋದವರು ಒಂದು ತಾಸು ಬಂದಿರಲಿಲ್ಲ. ಹಾಯ್ದು ಹೋಗುವವರೆಲ್ಲ ಅವನ ಸುತ್ತ ಚಪ್ಪಲಿ ಬಿಟ್ಟು ಹೋಗಿದ್ದರು. ಒಬ್ಬರು ಅವನ ಮುಂದೆ ನಾಣ್ಯವನ್ನೂ ಇಟ್ಟಿದ್ದರು. ಆ ಮೇಲೆ ಯಾರ ಕೈಯಲ್ಲೂ ಎತ್ತಿಸಿಕೊಳ್ಳುವುದಿಲ್ಲ ಎಂದು ಅವನು ನಿಶ್ಚಯ ಮಾಡಿದ್ದ. "ಚೀಲ ಅಲ್ಲ ನಾನು. ಕಂಪ್ಯೂಟರ್ ಕೆಳಗ ತರ್ರಿ. ಅದ ಏನ್ ಭಾಳ ಒಜ್ಜಿ ಇರಂಗಿಲ್ಲ."

ಮಾತು ಮೇಲೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಕಚೇರಿಯ ಮುಖ್ಯಸ್ಥರಾದ ಅಣ್ಣಾಸಾಹೇಬರೇ ಇಳಿದು ಬಂದರು. ಕೆಟ್ಟವರಲ್ಲ. ಎದುರಿಗೆ ಬಂದವರನ್ನು ಗದರಿದವರಲ್ಲ, ಊಟದ ಹೊತ್ತಿಗೂ ಕುರ್ಚಿ ಬಿಟ್ಟವರಲ್ಲ. ಒಂದೇ ಕೊರತೆಯೆಂದರೆ, ಕಣ್ಣೆದುರಿನ ಮನುಷ್ಯನಿಗಿಂತ ಕೈಯಲ್ಲಿನ ಸುತ್ತೋಲೆ ಅವರಿಗೆ ಚೆನ್ನಾಗಿ ಕಾಣುತ್ತಿತ್ತು.

"ನಿಮ್ಮ ತ್ರಾಸ ನನಗ ತಿಳೀತೈತ್ರಿ," ಎಂದರು. "ಆದ್ರ ಆದೇಶದಾಗ ಸ್ಪಷ್ಟ ಬರದಾರ. ಗಣಕಯಂತ್ರ ನಿಗದಿತ ಕೋಣೆಯೊಳಗೇ ಇರತಕ್ಕದ್ದು. ಕ್ಯಾಮೆರಾ ಗಣಕಯಂತ್ರಕ್ಕೆ ಜೋಡಿಸಿರತಕ್ಕದ್ದು. ಕೋಣಿ ಬದಲಿ ಮಾಡಬೇಕಂದ್ರ ಅರ್ಜಿ ಕೊಡ್ರಿ, ನಾ ಜಿಲ್ಲಾದ ಮ್ಯಾಲಿನ ಕಚೇರಿಗೆ ಕಳಸ್ತೇನಿ."

"ಅರ್ಜಿ ಎಲ್ಲಿ ಕೊಡಬೇಕ್ರಿ?"

"ಮ್ಯಾಲ. ಆವಕ ವಿಭಾಗದಾಗ."

ಯಮನವ್ವ ಎಲೆ ಉಗುಳಿ ಗೊಳ್ಳೆಂದು ನಕ್ಕಳು. ಅಣ್ಣಾಸಾಹೇಬರು ನಗಲಿಲ್ಲ, ಅವರು ಯೋಚನೆಗೆ ಬಿದ್ದಿದ್ದರು. ಕತ್ತೆತ್ತಿ ಮೇಲಿನ ಕಿಟಕಿ ನೋಡಿದರು, ಕೆಳಗಿನ ಕಟ್ಟೆ ನೋಡಿದರು. ಅವರ ಮುಖ ಅರಳಿತು.

"ಯಂತ್ರ ಕೋಣ್ಯಾಗ ಇರಬೇಕು ಅಂದಾರ. ಕ್ಯಾಮೆರಾ ಕೋಣ್ಯಾಗ ಇರಬೇಕು ಅಂದಿಲ್ಲ! ಜೋಡಿಸಿರಬೇಕು ಅಷ್ಟ ಅಂದಾರ. ಶಿದ್ರಾಮಾ, ಉದ್ದನ ಕೇಬಲ್ ತಗೊಂಡ ಬಾ. ಕ್ಯಾಮೆರಾ ಕಿಟಕಿಯಿಂದ ಕೆಳಗ ಬಿಡೋಣು."

ಶಿದ್ರಾಮ ಪೇಟೆಗೆ ಹೋಗಿ ಮೂರು ಕೇಬಲ್ಲು ತಂದ. ಒಂದಕ್ಕೊಂದು ಜೋಡಿಸಿ, ಜೋಡಣೆಗೆ ಟೇಪು ಸುತ್ತಿ, ಹದಿನೈದು ಮೀಟರ್ ಮಾಡಿದ. ಮುಷ್ಟಿಯಷ್ಟಿದ್ದ ಕ್ಯಾಮೆರಾವನ್ನು ಹೂವಿನ ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಬಿಟ್ಟ. ಯಮನವ್ವ ಸೆರಗು ಸರಿಮಾಡಿಕೊಂಡು ಬುಟ್ಟಿಯನ್ನೇ ದಿಟ್ಟಿಸಿದಳು. ಮೇಲೆ ಕಂಪ್ಯೂಟರಿನ ಮುಂದೆ ಕೂತಿದ್ದವಳು ವಿಜಯಶ್ರೀ, ಗುತ್ತಿಗೆಯ ಮೇಲೆ ಬಂದು ಎರಡು ವರ್ಷವಾಗಿದ್ದ ಹುಡುಗಿ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನೂ ಕಾಣವಲ್ದು ಸರ್. ಯಾವ ಸಾಧನಾನೂ ಜೋಡಿಸಿಲ್ಲ ಅಂತ ಬರಾಕತ್ತೇತಿ," ಎಂದು ಕೂಗಿದಳು.

"ಬರಂಗಿಲ್ರಿ," ಎಂದ ಮುತ್ತಪ್ಪ. "ಈ ಕೇಬಲ್ ಐದ ಮೀಟರ್ ದಾಟಿದ್ರ ಸಿಗ್ನಲ್ ಸುಸ್ತಾಗ್ತೈತಿ. ಈ ಕಡಿ ಒಂದ, ಆ ಕಡಿ ಒಂದ ಸಣ್ಣ ಡಬ್ಬಿ ಹಾಕಿ, ನಡುವ ಲ್ಯಾನ್ ವೈರ್ ಎಳೀಬೇಕು. ಆವಾಗ ಐವತ್ತ ಮೀಟರ್ ಬೇಕಾದ್ರೂ ಹೋಗ್ತೈತಿ. ನನ್ನ ಅಂಗಡ್ಯಾಗ ಅದಾವ, ತಂದ ಕೊಡ್ಲಿ?"

ಅಣ್ಣಾಸಾಹೇಬರು ಮೃದುವಾಗಿ ತಲೆಯಾಡಿಸಿದರು. "ತಾಂತ್ರಿಕ ಅಭಿಪ್ರಾಯ ತಾಂತ್ರಿಕದವರೇ ಕೊಡಬೇಕ್ರಿ."

"ನಾ ಅದನ್ನ ಮಾಡಾವ್ರಿ. ಇಪ್ಪತ್ತ ವರ್ಷ ಆತು."

"ಇರಬಹುದ್ರಿ. ಆದ್ರ ನಮ್ಮ ಕಡತದಾಗ ನೀವು ಫಲಾನುಭವಿ."

ತಾಂತ್ರಿಕದವನು ಬರಲು ಹನ್ನೆರಡು ದಿನ ಹಿಡಿಯಿತು. ಇಸ್ತ್ರಿ ಅಂಗಿಯ ಆ ತರುಣ ಮೇಲೆ ಹೋಗಿ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಹಾಗೆ ಮೂರು ಸಲ ಮಾಡಿದ. ಕೊನೆಗೆ ಕೇಬಲ್ಲು ತೆಳ್ಳಗಾಯಿತು ಎಂದು ವರದಿ ಬರೆದು ಹೋದ. ದಪ್ಪನೆಯ ಕೇಬಲ್ಲು ಬಂತು. ಈ ಸಲ ಚಿತ್ರವೂ ಬಂತು. ಆದರೆ ಮುಖದ ಮೇಲಿನ ಅರ್ಧ ಹಸಿರು, ಕೆಳಗಿನ ಅರ್ಧ ಇರಲೇ ಇಲ್ಲ. ಅದೂ ಎರಡು ಕ್ಷಣ ನಿಂತು ಕಪ್ಪಾಯಿತು. ಅಷ್ಟಾದರೂ ಬಂತಲ್ಲ ಎಂದು ಅಣ್ಣಾಸಾಹೇಬರು ಶೇಕಡಾ ಐವತ್ತು ಪ್ರಗತಿ ಎಂದು ಮೇಲಿನ ಕಚೇರಿಗೆ ಬರೆದರು.

ಈ ನಡುವೆ ಯಮನವ್ವ ಹತ್ತರಗಿಯಿಂದ ಐದು ಸಲ ಬಂದು ಹೋಗಿದ್ದಳು. ಪ್ರತಿಸಲವೂ ಹೆದ್ದಾರಿಯ ಬಾಜೂ ನಿಂತು ಬಸ್ಸಿಗೆ ಕೈ ಮಾಡಬೇಕು. ಐದನೆಯ ಸಲ ಅವಳು ಕಟ್ಟೆಯ ಮೇಲೆ ಕೂತವಳು ಎಲೆಯ ಚೀಲ ಬಿಚ್ಚಲಿಲ್ಲ. ಮೇಲಿನ ಕಿಟಕಿಯಿಂದ ವಿಜಯಶ್ರೀ ಅದನ್ನು ನೋಡಿದಳು. ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಜಿಯಲ್ಲಿದ್ದ ನಂಬರು ಹುಡುಕಿ ಮುತ್ತಪ್ಪನಿಗೆ ಫೋನು ಹಚ್ಚಿದಳು.

"ಕಾಕಾ, ಆ ಡಬ್ಬಿ ಅಂದಿದ್ರೆಲ್ಲಾ, ತಗೊಂಡ ಬರ್ತೀರಿ? ಸಾಹೇಬ್ರು ನಾಳಿ ಮೀಟಿಂಗಿಗೆ ಹೊಂಟಾರ."

ಮರುದಿನ ಮುತ್ತಪ್ಪ ಸ್ಕೂಟರಿನಲ್ಲಿ, ಕಸ್ತೂರಿ ಅವನ ಹಿಂದೆ, ತೊಡೆಯ ಮೇಲೆ ವೈರಿನ ಸುರುಳಿ. ಮೆಟ್ಟಿಲು ಹತ್ತಿ ಹೋದವಳು ಕಸ್ತೂರಿ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ವೈರನ್ನು ಕಿಟಕಿಯಿಂದ ಇಳಿಬಿಟ್ಟಳು. ಕೆಳಗೆ ಮುತ್ತಪ್ಪ ಇನ್ನೊಂದು ಡಬ್ಬಿಗೆ ಕ್ಯಾಮೆರಾ ಜೋಡಿಸಿ, ಗೊಬ್ಬರದ ಅಂಗಡಿಯ ಪ್ಲಗ್ಗಿನಿಂದ ಕರೆಂಟು ಕೊಟ್ಟ. ಹತ್ತು ನಿಮಿಷವೂ ಆಗಿರಲಿಲ್ಲ.

"ಬಂತು!" ವಿಜಯಶ್ರೀ ಕಿಟಕಿಯಲ್ಲಿ ಕುಣಿದಳು. "ಕಾಕಾ, ನಿಮ್ಮ ಮೀಸಿ ಒಂದೊಂದ ಕೂದಲಾ ಎಣಸಬಹುದು!"

ಮೊದಲ ಸರದಿ, ವಿಜಯಶ್ರೀ ಹೇಳಿದ್ದರಿಂದ ಮತ್ತೆ ಬಂದಿದ್ದ ಯಮನವ್ವನದು. ಹಿನ್ನೆಲೆ ಬಿಳಿಯೇ ಇರಬೇಕು ಎಂದು ನಿಯಮ. ಶಿದ್ರಾಮ ತನ್ನ ಹೆಗಲ ಮೇಲಿನ ಟವೆಲ್ಲನ್ನು ಆಕೆಯ ತಲೆಯ ಹಿಂದೆ ಹಿಡಿದು ನಿಂತ. ಅರ್ಜಿದಾರರು ಜೀವಂತ ಇದ್ದಾರೆಯೇ ಎಂದು ಯಂತ್ರ ಪರೀಕ್ಷೆ ಮಾಡುತ್ತಿತ್ತು. ಅದು ಹೇಳಿದಾಗ ಎರಡು ಸಲ ಕಣ್ಣು ಮಿಟುಕಿಸಬೇಕು. ಹೇಳುವುದು ಕಾಣಿಸುತ್ತಿದ್ದದ್ದು ಮೇಲೆ, ಮಿಟುಕಿಸಬೇಕಾದದ್ದು ಕೆಳಗೆ. ವಿಜಯಶ್ರೀ ಕಿಟಕಿಯಿಂದ, "ಆಯಿ, ಈಗ ಕಣ್ಣ ಮಿಟಗಸ್ರಿ!" ಎಂದು ಕೂಗುವ ಹೊತ್ತಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಬಂತು. ಆಕೆಗೆ ಕೇಳಿಸಲಿಲ್ಲ. ಯಂತ್ರ ಅರ್ಜಿದಾರರು ಜೀವಂತ ಇಲ್ಲ ಎಂದು ತೀರ್ಮಾನಿಸಿತು. ಎರಡನೆಯ ಸಲ ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ "ಮಿಟಗಸ ಬೇ!" ಎಂದು ಕೂಗಿದರು. ಎದುರಿನ ಚಹಾದಂಗಡಿಯಲ್ಲಿದ್ದವರೂ ಕಣ್ಣು ಮಿಟುಕಿಸಿದರು. ಫೋಟೊ ಬಂತು. ಆ ದಿನ ಒಂಬತ್ತು ಜನರದು ಆಯಿತು, ಮುತ್ತಪ್ಪನದೂ ಸೇರಿ. ಯಮನವ್ವ ಎಲೆಯ ಚೀಲ ಬಿಚ್ಚಿ ಎಲ್ಲರಿಗೂ ಕೊಟ್ಟಳು.

ಅಣ್ಣಾಸಾಹೇಬರು ಸಂಜೆ ಬಂದು ನೋಡಿ ಸಿಟ್ಟಾಗಲಿಲ್ಲ. ತಮ್ಮ ಯೋಚನೆ ಕೊನೆಗೂ ಫಲಿಸಿತೆಂದು ಅವರ ಕಣ್ಣಲ್ಲಿ ನೀರೇ ಬಂತು. ಮರುದಿನವೇ ಮೇಲಿನ ಕಚೇರಿಗೆ ಬರೆದರು. ಮೇಲಿನ ಕಚೇರಿ ಅದಕ್ಕಿಂತ ಹೆಚ್ಚು ಸಂತೋಷಪಟ್ಟಿತು. ಇಂಥ ಯೋಜನೆಯನ್ನು ಸುಮ್ಮನೆ ಶುರು ಮಾಡುವುದು ಸರಿಯಲ್ಲ, ದೊಡ್ಡ ಸಾಹೇಬರೇ ಬಂದು ಉದ್ಘಾಟಿಸುತ್ತಾರೆ, ಅಲ್ಲಿಯವರೆಗೆ ಬಳಸಕೂಡದು ಎಂದು ಉತ್ತರ ಬಂತು. ಉದ್ಘಾಟನೆಗೆ ಮೊದಲು ತೆಗೆದ ಒಂಬತ್ತು ಫೋಟೊಗಳು ಪ್ರಾಯೋಗಿಕ ಎಂದು ತಿಳಿದು ಅಳಿಸಿ ಹಾಕಬೇಕು ಎಂದೂ ಇತ್ತು.

ವಿಜಯಶ್ರೀ ಒಂಬತ್ತನ್ನೂ ಅಳಿಸಿದಳು. ಏಳನೆಯ ಸಲ ಬಂದ ಯಮನವ್ವನಿಗೆ ಅವಳೇ ಕೆಳಗಿಳಿದು ವಿಷಯ ಹೇಳಿದಳು.

"ನನ್ನ ಮಾರಿ ಅಳಿಸಿದ್ರಿ?" ಎಂದಳು ಯಮನವ್ವ. ಊರುಗೋಲು ಊರಿಕೊಂಡು ಬಸ್ಸಿನ ಕಡೆ ಹೊರಟಳು.

ಉದ್ಘಾಟನೆ ಮೂರು ವಾರದ ನಂತರ, ಒಂದು ಶುಕ್ರವಾರ. ರಸ್ತೆಯ ಪಕ್ಕದ ಖಾಲಿ ಜಾಗದಲ್ಲಿ ಪೆಂಡಾಲು ಹಾಕಿ, ನಾಲ್ಕು ಮೆಟ್ಟಿಲಿನ ವೇದಿಕೆ ಕಟ್ಟಿದರು. ಮೂರು ತಾಲೂಕುಗಳಿಂದ ನಲವತ್ತು ಮಂದಿ ಫಲಾನುಭವಿಗಳು ಕಡ್ಡಾಯವಾಗಿ ಬರಬೇಕೆಂದು ಸಂದೇಶ ಹೋಯಿತು. ಬ್ಯಾನರಿನಲ್ಲಿ "ಕ್ಯಾಮೆರಾ ನಿಮ್ಮ ಬಾಗಿಲಿಗೆ" ಎಂದು ಬರೆಸಿದ್ದರು. ಕಾರ್ಯಕ್ರಮದ ಪ್ರಕಾರ ದೊಡ್ಡ ಸಾಹೇಬರು ಮೇಲಿನ ಕೋಣೆಯಲ್ಲಿ ಗುಂಡಿ ಒತ್ತಬೇಕು, ಕೆಳಗೆ ಮುತ್ತಪ್ಪನ ಫೋಟೊ ಬೀಳಬೇಕು, ಆಮೇಲೆ ಪ್ರಥಮ ಫಲಾನುಭವಿಯೆಂದು ಅವನಿಗೆ ವೇದಿಕೆಯ ಮೇಲೆ ಸನ್ಮಾನ.

"ನಾ ವೇದಿಕೆ ಹತ್ತಂಗಿಲ್ಲ. ಎತ್ತಾಕೂ ಬಿಡಂಗಿಲ್ಲ," ಎಂದು ಮುತ್ತಪ್ಪ ಮೊದಲೇ ಹೇಳಿಬಿಟ್ಟ. ಅಣ್ಣಾಸಾಹೇಬರು ಅದಕ್ಕೆ ಏನು ಮಾಡುವುದೆಂದು ತಿಳಿಯದೆ ಒದ್ದಾಡುತ್ತಿರುವಾಗಲೇ ದೊಡ್ಡ ಸಾಹೇಬರ ಕಾರು ಬಂತು.

ಬಾಗಿಲು ತೆರೆಯಿತು. ಮೊದಲು ಒಂದು ಕೋಲು ಹೊರಗೆ ಬಂತು. ಅದರ ಹಿಂದೆ ದೊಡ್ಡ ಸಾಹೇಬರು ಹಲ್ಲು ಕಚ್ಚಿಕೊಂಡು ಇಳಿದರು. ಹದಿನೈದು ದಿನದ ಹಿಂದೆ ಅವರ ಮೊಣಕಾಲಿನ ಆಪರೇಷನ್ ಆಗಿತ್ತು.

"ಎಲ್ಲಿ ಐತಿ ಕಂಪ್ಯೂಟರ್?"

"ಮ್ಯಾಲ್ರಿ, ಸರ್."

ದೊಡ್ಡ ಸಾಹೇಬರು ಇಪ್ಪತ್ತೆರಡು ಮೆಟ್ಟಿಲುಗಳನ್ನು ನೋಡಿದರು. ವೇದಿಕೆಯ ನಾಲ್ಕು ಮೆಟ್ಟಿಲುಗಳನ್ನೂ ನೋಡಿದರು. "ನಂಗ ಆಗಂಗಿಲ್ಲಪಾ," ಎಂದರು.

ಅಣ್ಣಾಸಾಹೇಬರು ಒಂದು ಕ್ಷಣವೂ ಯೋಚಿಸಲಿಲ್ಲ. "ಶಿದ್ರಾಮಾ, ಕಂಪ್ಯೂಟರ್ ಕೆಳಗ ತಾ! ಲಗೂನ!"

ಪೂರ್ತಿ ಏಳು ನಿಮಿಷವೂ ಹಿಡಿಯಲಿಲ್ಲ. ಶಿದ್ರಾಮ ಪರದೆ ತಂದ, ವಿಜಯಶ್ರೀ ಉಳಿದದ್ದನ್ನು ತಂದಳು. ಒಂದು ಮೇಜನ್ನು ಪೆಂಡಾಲಿನ ನೆಲದ ಮೇಲೆ, ವೇದಿಕೆಯ ಮುಂದೆ ಹಾಕಿದರು. ಖಾಲಿ ವೇದಿಕೆಯ ಕುರ್ಚಿಗಳನ್ನೆಲ್ಲ ಕೆಳಗಿಳಿಸಿದರು. ವಿಜಯಶ್ರೀ ತನ್ನ ಮೊಬೈಲಿನಿಂದ ಇಂಟರ್ನೆಟ್ ಕೊಟ್ಟಳು, ಯಂತ್ರ ಚಕಾರವೆತ್ತದೆ ಚಾಲೂ ಆಯಿತು. ಕ್ಯಾಮೆರಾ ಕಂಪ್ಯೂಟರಿನಿಂದ ಎರಡು ಅಡಿ ದೂರದಲ್ಲಿತ್ತು. ನಡುವೆ ಹದಿನೈದು ಮೀಟರ್ ವೈರನ್ನು ಸುರುಳಿ ಸುತ್ತಿ, ಅದಕ್ಕೊಂದು ಚೆಂಡುಹೂವಿನ ಮಾಲೆ ಹಾಕಿ ಇಟ್ಟರು. ದೊಡ್ಡ ಸಾಹೇಬರು ಗುಂಡಿ ಒತ್ತಿದರು, ಮುತ್ತಪ್ಪನ ಫೋಟೊ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸನ್ಮಾನದ ಶಾಲನ್ನು ದೊಡ್ಡ ಸಾಹೇಬರು ಕೂತಲ್ಲಿಂದಲೇ, ಸ್ಕೂಟರಿನಲ್ಲಿ ಕೂತಿದ್ದ ಮುತ್ತಪ್ಪನಿಗೆ ಹೊದಿಸಿದರು.

"ದೂರ ಅನ್ನೂದನ್ನ ಈ ಕೇಬಲ್ಲು ಗೆದ್ದೈತಿ," ಎಂದು ಭಾಷಣ ಮಾಡಿ, ಇಪ್ಪತ್ತು ನಿಮಿಷದಲ್ಲಿ ಕಾರು ಹತ್ತಿದರು.

ಕಾರು ತಿರುವು ದಾಟುತ್ತಲೇ ಅಣ್ಣಾಸಾಹೇಬರು, "ಶಿದ್ರಾಮಾ, ಯಂತ್ರ ಮ್ಯಾಲ ಒಯ್ಯಿ," ಎಂದರು.

"ಸರ್, ಹೆಂಗೂ ಕೆಳಗ ಐತಿ," ವಿಜಯಶ್ರೀ ಹೇಳಿದಳು. "ಎಲ್ಲಾರೂ ಬಂದಾರ. ಇಲ್ಲೇ ಫೋಟೊ ತಗೀಲಿ?"

"ಅದು ಉದ್ಘಾಟನಾ ಸಲುವಾಗಿ ತಂದಿದ್ದವ್ವಾ. ಆದೇಶದಾಗ ಕೋಣಿ ಅಂತೇತಿ."

ಶಿದ್ರಾಮ ಪರದೆಯನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಬುಡಕ್ಕೆ ಹೋದ. ಅಲ್ಲಿ, ಮೊದಲನೆಯ ಮೆಟ್ಟಿಲಿನ ಮೇಲೆ, ಯಮನವ್ವ ಕೂತಿದ್ದಳು. ಊರುಗೋಲನ್ನು ಗೋಡೆಯಿಂದ ಗೋಡೆಗೆ ಅಡ್ಡ ಇಟ್ಟಿದ್ದಳು.

"ಸರೀರಿ ಆಯಿ."

"ಯಾಕ ಸರೀಲಿ? ಹತ್ತಾಕ ಬರಂಗಿಲ್ಲ ನನಗ. ಕುಂದ್ರಾಕ ಬರ್ತೈತಿ."

ಮುತ್ತಪ್ಪ ಅದನ್ನು ನೋಡಿದ. ಸ್ಕೂಟರಿನಿಂದ ಕೈ ಊರಿ ಇಳಿದು, ನೆಲದ ಮೇಲೆ ಸರಿಯುತ್ತ ಹೋಗಿ, ಆಕೆಯ ಪಕ್ಕದಲ್ಲಿ ಕೂತ. ಹೊಸ ಶಾಲು ಧೂಳಾಯಿತು. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಸಾಧ್ಯವಿದ್ದವರು ಎರಡನೆಯ ಮೆಟ್ಟಿಲಿಗೆ, ಮೂರನೆಯ ಮೆಟ್ಟಿಲಿಗೆ ಸರಿದರು. ಆಗದವರು ಬುಡದಲ್ಲಿ ಒತ್ತಿಕೊಂಡು ಕೂತರು. ಗಾಲಿಕುರ್ಚಿಗಳು ಮುಂದೆ ಸಾಲಾಗಿ ನಿಂತವು. ಆ ಮೆಟ್ಟಿಲುಗಳ ಮೇಲೆ ಅಷ್ಟು ಅಂಗವಿಕಲರು ಸೇರಿದ್ದು ಅದೇ ಮೊದಲು.

ಅಣ್ಣಾಸಾಹೇಬರಿಗೆ ಈಗ ತಮ್ಮ ಕಚೇರಿಗೂ ಹೋಗಲು ದಾರಿಯಿರಲಿಲ್ಲ. ಚಾಳೀಸು, ಊಟದ ಡಬ್ಬಿ, ಸುತ್ತೋಲೆಯ ಕಡತ ಎಲ್ಲ ಮೇಲೇ ಇದ್ದವು. ಒಂದು ಸುತ್ತು ಹಾಕಿ ಬಂದು ಕೈ ಮುಗಿದರು. "ಹಿಂಗ ಮಾಡಬ್ಯಾಡ್ರಿ. ನನಗ ಮ್ಯಾಲ ಹೋಗಬೇಕಾಗೇತಿ."

"ನಮಗೂ ಒಂದೂವರಿ ತಿಂಗಳಿಂದ ಹೋಗಬೇಕಾಗೇತ್ರಿ," ಎಂದ ಮುತ್ತಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಕುಂದರ್ರಿ ಸಾಹೇಬ್ರ. ಕಟ್ಟಿ ಖಾಲಿ ಐತಿ."

ಅಣ್ಣಾಸಾಹೇಬರು ಕಟ್ಟೆಯ ಮೇಲೆ ಕೂತರು. ಬಿಸಿಲು ಏರಿತ್ತು. ಪರದೆ ಹೊತ್ತು ನಿಂತಿದ್ದ ಶಿದ್ರಾಮನ ತೋಳು ಸೋಲುತ್ತಿದ್ದವು. ಅವನು ಅಣ್ಣಾಸಾಹೇಬರ ಕಡೆ ನೋಡಿದ, ಅವರು ಬೇರೆ ಕಡೆ ನೋಡಿದರು. ಅವನು ಪರದೆಯನ್ನು ಮತ್ತೆ ಮೇಜಿನ ಮೇಲೆ ಇಟ್ಟ. ವಿಜಯಶ್ರೀ ಯಾರನ್ನೂ ಕೇಳದೆ ಕುರ್ಚಿ ಎಳೆದುಕೊಂಡು ಕೂತಳು. "ಯಮನವ್ವ, ಹತ್ತರಗಿ," ಎಂದು ಕೂಗಿದಳು.

ಸಂಜೆ ಐದರೊಳಗೆ ನಲವತ್ತೂ ಫೋಟೊ ಮುಗಿದವು. ಕಣ್ಣು ಮಿಟುಕಿಸುವುದನ್ನು ಈ ಸಲ ಪರದೆಯಲ್ಲಿ ಎಲ್ಲರೂ ತಾವೇ ನೋಡಿಕೊಂಡರು. ನಾಲ್ಕರ ಸುಮಾರಿಗೆ, ಗಂಡನ ಜೊತೆ ಬಂದಿದ್ದ ಕಸ್ತೂರಿ ಚಹಾ ತರಿಸಿ ಅಣ್ಣಾಸಾಹೇಬರಿಗೂ ಒಂದು ಕಪ್ಪು ಕೊಟ್ಟಳು. ಅವರು ಕುಡಿದು, "ಇದನ್ನ ವರದ್ಯಾಗ ಹೆಂಗ ಬರೀಲಿ?" ಎಂದು ಅವಳನ್ನೇ ಕೇಳಿದರು. ಅವಳಿಗೆ ಪಾಪ ಅನಿಸಿತು. "ಉದ್ಘಾಟನಾ ಸಂಜೀತನಕ ನಡೀತು ಅಂತ ಬರೀರಿ," ಎಂದಳು. ಅವರು ಹಾಗೆಯೇ ಬರೆದರು.

ಸೋಮವಾರ ಕಂಪ್ಯೂಟರು ಮತ್ತೆ ಮೇಲೆ ಹೋಗಿತ್ತು. ಹೊಸದಾಗಿ ಬಂದವರಿಗೆ ಕ್ಯಾಮೆರಾ ಬುಟ್ಟಿಯಲ್ಲಿ ಇಳಿಯತೊಡಗಿತು, ವಿಜಯಶ್ರೀ ಕಿಟಕಿಯಿಂದ ಕೂಗತೊಡಗಿದಳು. ನಲವತ್ತು ಜನರ ಚೀಟಿಗಳು ಮಾರ್ಚ್ ಕೊನೆಯಲ್ಲಿ ಅಂಚೆಯಲ್ಲಿ ಬಂದವು. ಯಮನವ್ವ ಮುತ್ತಪ್ಪನಿಗೆ ಫೋನು ಮಾಡಿ, ಫೋಟೊದಲ್ಲಿ ತಾನು ಹತ್ತು ವರ್ಷ ಸಣ್ಣವಳಾಗಿ ಕಾಣುತ್ತಿರುವುದಾಗಿ ತಿಳಿಸಿದಳು.

ಏಪ್ರಿಲ್‌ನಲ್ಲಿ ಬೇರೆ ಬೇರೆ ಜಿಲ್ಲೆಗಳಿಂದ ಆರು ಮಂದಿ ಅಧಿಕಾರಿಗಳು ಈ ಯೋಜನೆಯನ್ನು ನೋಡಿ ಕಲಿಯಲು ಬಂದರು. ವೈರಿನ ವಿಷಯ ಹೇಳಿಕೊಡಲು ಮುತ್ತಪ್ಪನನ್ನು ಕರೆಸಿದ್ದರು. ಅವನು ಮೇಲೆ ಬರಲೊಲ್ಲೆ ಎಂದ ಮೇಲೆ ಅವರೇ ಇಳಿದು ಬಂದು, ಗೊಬ್ಬರದ ಚೀಲಗಳ ಮೇಲೆ ಕೂತು, ಸಿಗ್ನಲ್ ಏಕೆ ಸುಸ್ತಾಗುತ್ತದೆ, ಡಬ್ಬಿ ಏನು ಮಾಡುತ್ತದೆ ಎಂದು ಬರೆದುಕೊಂಡರು. ಅವರಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದ ಒಬ್ಬಾಕೆ ಪೆನ್ನು ನಿಲ್ಲಿಸಿ ಕೇಳಿದಳು:

"ಸರ್, ಕಂಪ್ಯೂಟರನ್ನೇ ಕೆಳಗೆ ಇಟ್ಟರೆ ಆಗೋದಿಲ್ಲವಾ?"

ಅಣ್ಣಾಸಾಹೇಬರು ಅದನ್ನು ನಿಜವಾಗಿಯೂ ಯೋಚಿಸಿದರು. ಅಂಗಡಿಯ ನೆಲ ನೋಡಿದರು, ಗೋಡೆಯ ಪ್ಲಗ್ಗು ನೋಡಿದರು.

"ಇಡಬಹುದ್ರಿ," ಎಂದರು. "ಆದ್ರ ಹಂಗ ಇಟ್ರ ಈ ಯೋಜನಾನ ಬೇಕಾಗಂಗಿಲ್ಲಲ್ರಿ."

ಆರು ಜನರಲ್ಲಿ ಐದು ಜನ ಅದನ್ನೂ ಬರೆದುಕೊಂಡರು. ಮುತ್ತಪ್ಪ ಅವರಿಗೆ ನಮಸ್ಕಾರ ಹೇಳಿ ಸ್ಕೂಟರು ಹತ್ತಿದ. ಕುಲಗೋಡದಲ್ಲಿ ಒಬ್ಬರ ಮನೆಗೆ ಕ್ಯಾಮೆರಾ ಕೂರಿಸುವುದಿತ್ತು. ಕಸ್ತೂರಿ ಆಗಲೇ ಏಣಿ ತೆಗೆದುಕೊಂಡು ಹೋಗಿದ್ದಳು.